ಉಣುಗಿಲ್ಲದ ಮೈ

ನಿಂಬೆಹೋಳು ಹಾಕಿ ಉಜ್ಜಿದರೂ ಉಗುರಿನ ಸಂದಿಯ ಸುಣ್ಣ ಹೋಗಲಿಲ್ಲ. ಚಾಂದ್ ಪಾಷಾ ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಗಳನ್ನು ಬೆಳಗಿನ ಬೆಳಕಿಗೆ ಹಿಡಿದು ನೋಡಿಕೊಂಡ. ಹರಿಹರಕ್ಕೆ, ಮಗಳು ಖತೀಜಾಳ ಮನೆಗೆ ಹೋಗುವ ದಿನವೆಲ್ಲ ಹೀಗೇ. ಮೊದಲು ನಿಂಬೆಹಣ್ಣು, ಆಮೇಲೆ ಕೊಬ್ಬರಿ ಎಣ್ಣೆ, ಕೊನೆಗೆ ಹಲ್ಲುಜ್ಜುವ ಹಳೇ ಬ್ರಷ್ಷು. ಬಿರುಕಿನಲ್ಲಿ ಉಳಿದ ಬಿಳುಪು ಸುಣ್ಣವೋ ಚರ್ಮವೋ ಅವನಿಗೇ ತಿಳಿಯುತ್ತಿರಲಿಲ್ಲ. ದಾವಣಗೆರೆಯಲ್ಲಿ ಅವನು ಈ ಕೈಗಳನ್ನು ಎಂದೂ ಬಚ್ಚಿಟ್ಟವನಲ್ಲ. ಕೆ.ಬಿ. ಬಡಾವಣೆಯ ಹಳೇ ಮನೆಗಳ ಮುಂದೆ ಹೋಗುವಾಗ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಿದ್ದ. ತಾನು ಹಾಕಿದ ಗಾರೆಯಾದರೆ ಗೋಡೆ ತುಂಬಿದ ಕೊಡದ ಹಾಗೆ ಗಟ್ಟಿಯಾಗಿ ಉತ್ತರ ಕೊಡುತ್ತಿತ್ತು. ಸಿಮೆಂಟಿಗೆ ಜನ ಪರ್ಮಿಟ್ಟು ಹಿಡಿದುಕೊಂಡು ನಿಲ್ಲುವ ಈ ಕಾಲದಲ್ಲೂ ಅವನ ಸುಣ್ಣದ ಗೋಡೆಯ ಮೈ ಸವರಿ ನೋಡುವವರಿದ್ದರು. ಆದರೆ ಹರಿಹರದಲ್ಲಿ ಅವನು ಕಂಟ್ರಾಕ್ಟರ್. ಸಂಬಂಧ ಕುದುರಿಸಿದ ಲಾಲ್ ಸಾಬ್ ಲಗ್ನಪತ್ರಿಕೆಯಲ್ಲಿ ಹಾಗೆಂದು ಅಚ್ಚು ಹಾಕಿಸಿದ್ದ. ಮಗಳ ಅತ್ತೆ ಮಾಬೂಬೀ ಅದನ್ನು ಯಾರ ಕೈಯಲ್ಲೋ ಓದಿಸಿ, ಮದುವೆ ಊಟದ ಪಂಕ್ತಿಯ ನಡುವೆ ನಿಂತು, ಕಂಟ್ರಾಕ್ಟರ್ ಸಾಹೇಬರು ನಮ್ಮ ಸೋರುವ ಮಾಳಿಗೆಗೆ ಯಾರಾದರೂ ಕೂಲಿಯವರನ್ನು ಕಳಿಸಿಕೊಡಲಿ ಎಂದಿದ್ದಳು. ಹಗ್ಗ, ಗೋಣಿಯ ವ್ಯಾಪಾರದ ಮನೆತನ ಅವರದು. ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗು ಈಗಲೂ ದವಡೆಯಲ್ಲಿ ಎಲ್ಲೋ ಸಿಕ್ಕಿಕೊಂಡಂತೆ ಇತ್ತು.

ಕೊಟ್ಟಿಗೆಯಲ್ಲಿ ಬೇಗಂ ಎದ್ದು ನಿಂತಿದ್ದಳು. ಕಂದುಬಣ್ಣದ ಮೈ, ಕಪ್ಪು ಮೂತಿ, ಗೀಟು ಎಳೆದಂತಹ ಕಣ್ಣು. ಊರ ಹಸುವಿಗೆ ಆಸ್ಪತ್ರೆಯ ಸೂಜಿ ಹಾಕಿಸಿ ಹುಟ್ಟಿದ ಜರ್ಸಿ ತಳಿ. ಗಿರಣಿ ಹಿಂದಿನ ಆ ಓಣಿಗೆಲ್ಲ ಮೊದಲನೆಯದು. ಅವಳು ಹುಟ್ಟಿದಾಗ ಚಾಂದ್ ಪಾಷಾ ಕೊಟ್ಟಿಗೆಯ ಗೋಡೆಯನ್ನು ನೆಲದಿಂದ ಸೂರಿನವರೆಗೆ ಹೊಸದಾಗಿ ಗಾರೆ ಹಾಕಿ, ಹೊಳೆಯ ಗುಂಡುಕಲ್ಲಿನಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದ. ಗೋದಲಿಯ ಮೂಲೆ, ಗೂಟದ ಬುಡ, ಎಲ್ಲೂ ಒಂದು ಸೂಜಿ ತೂರುವಷ್ಟು ಸಂದಿ ಇಲ್ಲ. ಅವನ ಹೆಂಡತಿ ಸುಗ್ರಾಬಿ ಇದನ್ನು ನೋಡಿ, ಈ ಮನುಷ್ಯ ನನ್ನ ಅಡುಗೆಮನೆಗೆ ಇಷ್ಟು ಮಾಡಲಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಓಣಿಯ ಬೇರೆ ದನಗಳ ಕಿವಿಯಲ್ಲಿ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ಹರಳುಬೀಜದ ಹಾಗೆ ರಕ್ತ ಕುಡಿದು ಊದಿಕೊಂಡು ನೇತಾಡುತ್ತಿದ್ದರೆ ಬೇಗಂ ಮೈ ಮಾತ್ರ ರೇಷ್ಮೆ. ಚಹಾದಂಗಡಿಯಲ್ಲಿ ಯಾರಾದರೂ ಹಸುವಿನ ಮಾತು ತೆಗೆದರೆ ಅವನು ಕಪ್ಪು ಕೆಳಗಿಟ್ಟು ಒಂದೇ ಮಾತು ಹೇಳುತ್ತಿದ್ದ: “ನಮ್ಮ ಬೇಗಂ ಮೈಯಾಗೆ ಒಂದು ಉಣುಗು ತೋರಿಸ್ರಿ.” ಯಾರೂ ತೋರಿಸಿರಲಿಲ್ಲ. ಅದೇ ಮಾತನ್ನು ಅವನು ಮೊಮ್ಮಗಳ ಹೆಸರಿಡುವ ದಿನ ಹರಿಹರದಲ್ಲೂ ಆಡಿದ್ದ. ಬಾಳಂತಿ ಖತೀಜಾ ಬಿಳಿಚಿಕೊಂಡಿದ್ದಳು, ಎಮ್ಮೆಹಾಲು ಅವಳಿಗೆ ಒಗ್ಗುತ್ತಿರಲಿಲ್ಲ. ನೆಂಟರೆಲ್ಲ ಕೂತಿದ್ದಾಗ ಅವನು, ನನ್ನ ಬೇಗಂಳನ್ನೇ ತಂದು ಕಟ್ಟುತ್ತೇನೆ, ಮಗಳು ಎದ್ದು ಓಡಾಡುವವರೆಗೆ ಹಸುವಿನ ಹಾಲು ಕುಡಿಯಲಿ ಎಂದುಬಿಟ್ಟ. ಮಾಬೂಬೀ ಎಲೆಗೆ ಸುಣ್ಣ ಹಚ್ಚುತ್ತಾ, ಹಸು ಬರಲಿ, ಆದರೆ ನಮ್ಮನೇಲಿ ಒಂದು ಪದ್ಧತಿ ಐತೆ ಎಂದಳು.

ಆ ಪದ್ಧತಿ ಅವನಿಗೆ ಗೊತ್ತಿತ್ತು. ಹೊರಗಿನ ದನ ಮನೆಯ ಕೊಟ್ಟಿಗೆಗೆ ಕಾಲಿಡುವ ಮುಂಚೆ ಅಂಗಳದಲ್ಲಿ ನಿಲ್ಲಬೇಕು. ಮನೆಯ ಹಿರಿಯಳು ಅದರ ಮೈಯೆಲ್ಲ ಕೈಯಾಡಿಸಿ, ಸಿಕ್ಕ ಉಣುಗನ್ನು ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕಬೇಕು. ಆ ಬಟ್ಟಲು ಅಂಗಳದ ಕಟ್ಟೆಯ ಮೇಲೆ ಸಂಜೆಯವರೆಗೆ ಎಲ್ಲರಿಗೂ ಕಾಣುವ ಹಾಗೆ ಇರುತ್ತಿತ್ತು. ಹಸು ಕೊಟ್ಟವರ ಮನೆ ಎಂಥದೆಂದು ಕೇರಿಯವರು ಬಟ್ಟಲು ನೋಡಿ ತಿಳಿದುಕೊಳ್ಳುತ್ತಿದ್ದರು. ಆನಗೋಡಿನಿಂದ ಎತ್ತು ತಂದುಕೊಟ್ಟ ಒಬ್ಬ ಬೀಗನ ಬಟ್ಟಲು ತುಂಬಿ, ಆ ಮನುಷ್ಯ ಊಟಕ್ಕೂ ನಿಲ್ಲದೆ ಹೋದ ಕಥೆಯನ್ನು ಮಾಬೂಬೀ ಅವತ್ತೇ ಹೇಳಿದ್ದಳು.

ಪಿ.ಬಿ. ರಸ್ತೆಯ ಅಂಚಿಗೆ ಅವನು ಬೇಗಂಳನ್ನು ನಡೆಸಿಕೊಂಡು ಹೊರಟ. ಕರು ಒಮ್ಮೆ ಹಿಂದೆ ಒಮ್ಮೆ ಮುಂದೆ. ಕರಿ ಕೋಟನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡಿದ್ದ. ಹರಿಹರದ ಮೊದಲ ಮನೆ ಕಂಡಮೇಲೆ ತೊಡುವುದು. ಅರಳೆಮೂಟೆಯ ಲಾರಿಗಳು ಹಾದಾಗ ಬೇಗಂ ಕಿವಿ ನಿಗುರಿಸಿ ನಿಲ್ಲುತ್ತಿದ್ದಳು, ಅವನು ಅವಳ ಕತ್ತಿನ ಕೆಳಗೆ ಜೋತ ಗಂಗೆದೊಗಲಿಗೆ ಕೈ ಹಾಕಿ ನಿಲ್ಲುತ್ತಿದ್ದ. ಎದುರಿಗೆ ದನ ಬಂದರೆ ದೂರಕ್ಕೆ ಸರಿಸುತ್ತಿದ್ದ. ರಸ್ತೆಯ ದನಗಳು ಅವನಿಗೆ ಇವತ್ತು ಬರೀ ಉಣುಗು ಹೊತ್ತ ಮೈಗಳಾಗಿ ಕಂಡವು. ಹಿಂದಿನ ವರ್ಷ ದೇವರಾಜ ಅರಸು ಬಡಾವಣೆಯಲ್ಲಿ ಕಿರಾಣಿ ವರ್ತಕ ವಾಮದೇವಪ್ಪನವರ ಹೊಸ ಮನೆಗೆ ಗಾರೆ ಹಾಕುತ್ತಿದ್ದಾಗ ಅವರ ಜರ್ಸಿ ಸತ್ತಿತ್ತು. ದೊಡ್ಡ ಊರಿನ ಸಿಮೆಂಟು ಕೊಟ್ಟಿಗೆಯಲ್ಲಿ ಬೆಳೆದ ಹಸು. ಮನೆ ಮುಗಿಯುವವರೆಗೆ ಇರಲಿ ಎಂದು ಆನಗೋಡಿನ ಅವರ ಹಳೇ ಕೊಟ್ಟಿಗೆಯಲ್ಲಿ ಕಟ್ಟಿಸಿದ್ದರು. ಕಿವಿಯ ಕೆಳಗೆ ನಿಂಬೆಕಾಯಿಯಷ್ಟು ಗಂಟು ಎದ್ದು, ಮೈ ಕೆಂಡವಾಗಿ, ವಸಡು ಸುಣ್ಣದ ಹಾಗೆ ಬೆಳ್ಳಗಾಗಿ ಹೋಯಿತಂತೆ. ದನದ ಡಾಕ್ಟರು ಆ ಹೊಸ ಮನೆಯ ಮರಳಗುಡ್ಡೆಯ ಪಕ್ಕ ನಿಂತು ವಾಮದೇವಪ್ಪನವರಿಗೆ ವಿವರಿಸುತ್ತಿದ್ದಾಗ ಚಾಂದ್ ಪಾಷಾ ಏಣಿಯ ಮೇಲಿದ್ದ. ಇದು ಉಣುಗಿನಿಂದ ಬರುವ ಜ್ವರ, ಉಣುಗಿಲ್ಲದ ಕಡೆ ಈ ಜ್ವರವಿಲ್ಲ ಎಂದಿದ್ದರು ಡಾಕ್ಟರು. ಆ ಮಾತು ಕಿವಿಗೆ ಬಿದ್ದದ್ದೇ ಅವನ ಕರಣೆ ಗೋಡೆಯ ಮೇಲೆ ಇನ್ನೂ ಹಗುರಾಗಿ ಓಡಿತ್ತು. ಡಾಕ್ಟರು ಆಮೇಲೂ ಏನೋ ಹೇಳುತ್ತಿದ್ದರು. ಅವನು ಮನಸ್ಸಿನಲ್ಲಿ ಆಗಲೇ ಚಹಾದಂಗಡಿಗೆ ಹೋಗಿ ಕಪ್ಪು ಕೆಳಗಿಟ್ಟಾಗಿತ್ತು.

ಅಂಗಳದಲ್ಲಿ ಕೇರಿಯ ಹೆಂಗಸರು ಸೇರಿದ್ದರು. ಬಾಳಂತನಕ್ಕೆಂದು ಮೊದಲೇ ಬಂದಿದ್ದ ಸುಗ್ರಾಬಿ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿ, ಯಾಕೋ ಕಣ್ಣು ತಪ್ಪಿಸಿ ಒಳಗೆ ಹೋದಳು. ಬೀದಿಕಡೆಯ ಕೋಣೆಯ ಕಿಟಕಿಯಲ್ಲಿ ಖತೀಜಾಳ ಮುಖ, ಹೆಗಲ ಮೇಲೆ ಮಗು. ಮಾಬೂಬೀ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಬಂದಳು. ದಪ್ಪ ಹೆಂಗಸು, ಆದರೆ ಕೈ ಮಾತ್ರ ಇರುವೆಯ ಹಾಗೆ ಓಡುತ್ತಿತ್ತು. “ಬೇಗಂ ಸಾಹೇಬ್ರಿಗೆ ಸಲಾಂ,” ಅಂದಳು ಹಸುವಿಗೆ. ಕಿವಿ ಮಡಚಿ ನೋಡಿದಳು. ಗಂಗೆದೊಗಲಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಮುಂಗಾಲ ಸಂದಿ, ಕೆಚ್ಚಲ ಹಿಂಬದಿ, ಬಾಲದ ಬುಡ. ಚಾಂದ್ ಪಾಷಾ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. ಅವಳ ಬೆರಳು ಎಲ್ಲಾದರೂ ತಡೆದರೆ ಅವನ ಎದೆಯೂ ತಡೆಯುತ್ತಿತ್ತು. ಗೊರಸಿನ ಸಂದಿಯನ್ನೂ ಬಿಡದೆ ನೋಡಿ, ಕೊನೆಗೆ ಸೊಂಟ ಹಿಡಿದು ಎದ್ದ ಮಾಬೂಬೀ ಬಟ್ಟಲನ್ನು ಎತ್ತಿ ಹೆಂಗಸರಿಗೆ ತೋರಿಸಿದಳು. ಸೀಮೆಎಣ್ಣೆ ತಿಳಿಯಾಗಿ, ತಳದ ಹೂವಿನ ಚಿತ್ರ ಕಾಣುತ್ತಿತ್ತು. ನನ್ನ ಕೈಗೆ ಏನೂ ಸಿಗದ ದನ ಇದೇ ಮೊದಲು ಎಂದು ಅವಳು ಒಪ್ಪಿಕೊಂಡಾಗ ಅದರಲ್ಲಿ ಕೊಂಕಿರಲಿಲ್ಲ. ಕಿಟಕಿಯಲ್ಲಿ ಖತೀಜಾ ನಕ್ಕಳು; ಮದುವೆಯಾದಮೇಲೆ ಈ ಅಂಗಳದ ಕಡೆ ನೋಡಿ ಅವಳು ಹಾಗೆ ನಕ್ಕದ್ದನ್ನು ಅವನು ಕಂಡಿರಲಿಲ್ಲ. ಅಷ್ಟು ದೂರ ನಡೆದ ಕಾಲು ನೋವು ಆಗ ಅವನಿಗೆ ಸುಖವಾಗಿತ್ತು.

ಹಗ್ಗ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದವನು ಹೊಸ್ತಿಲಲ್ಲೇ ನಿಂತ. ಒಳಗೆ ಎಮ್ಮೆಗಳು. ಕಲ್ಲುಮಣ್ಣಿನ ಹಳೇ ಗೋಡೆ. ಮೇಲೆ ಮೇಲೆ ಬಳಿದ ಸೆಗಣಿ ಪದರುಪದರಾಗಿ ಎದ್ದು ನಿಂತಿತ್ತು. ಗೋಡೆ ನೋಡದೆ ಅವನ ಕಣ್ಣು ಮುಂದಕ್ಕೆ ಹೋಗಲಾರದು. ಬಿರುಕು ಎಲ್ಲಿ ಹುಟ್ಟಿ ಎಲ್ಲಿ ಕವಲೊಡೆದು ಎಲ್ಲಿ ಹೋಗಿ ಸೇರಿದೆ ಎಂದು ನೋಡುತ್ತಾ, ಅಭ್ಯಾಸದ ಬಲದಿಂದ ಉಗುರು ಹಾಕಿ ಒಂದು ಹೆಕ್ಕಳಿಕೆ ಎಬ್ಬಿಸಿದ. ಅದರ ಹಿಂದೆ ಗೋಡೆಯೇ ಹರಿದಾಡಿತು, ಉಣುಗು. ಬೂದುಬಣ್ಣದ ದೊಡ್ಡವು ಅಲ್ಲಾಡದೆ ಮೊಟ್ಟೆಯ ರಾಶಿಯ ಮೇಲೆ ಕೂತಿದ್ದವು. ಸಾಸಿವೆಗಿಂತ ಸಣ್ಣವು, ಕೆಂಪಗೆ, ಬಿರುಕಿನ ತುಂಬ. ಮಾಬೂಬೀ ದಿನಾ ಬೆಳಗ್ಗೆ ಎಮ್ಮೆಗಳ ಮೈಯಿಂದ ಕಿತ್ತು ಕಿತ್ತು ಸೀಮೆಎಣ್ಣೆಗೆ ಹಾಕುತ್ತಾಳೆ, ಅದು ಅವನಿಗೆ ಗೊತ್ತು. ಉಣುಗು ಬರುವುದೆಲ್ಲ ಹೊರಗಿನ ದನದಿಂದ ಎಂದು ನಂಬಿದ ಹೆಂಗಸು ಇಷ್ಟು ವರ್ಷ ಬರುವ ದನದ ಮೈಯನ್ನೆಲ್ಲ ಶೋಧಿಸಿದ್ದಾಳೆ, ಗೋಡೆಗೆ ಒಮ್ಮೆಯೂ ಕೈಯಾಡಿಸಿಲ್ಲ. ಅವನಿಗೆ ಒಳಗೊಳಗೇ ನಗು ಬಂತು. ಆ ನಗುವಿನ ಬೆನ್ನಿಗೇ, ಏಣಿಯ ಕೆಳಗೆ ನಿಂತ ಡಾಕ್ಟರ ಮಾತಿನ ಉಳಿದರ್ಧ ಬಂತು. ಅದು ಇಷ್ಟು ದಿನ ಎಲ್ಲಿತ್ತೋ. “ಊರ ದನ ಕರು ಇದ್ದಾಗಿಂದ ಕಡಿಸಿಕೊಂಡು ಪಳಗಿರುತ್ತೆ. ಉಣುಗನ್ನೇ ಕಾಣದೆ ಬೆಳೆದ ಇಂಥ ತಳಿಗೇ ಇದು ಮೋಸ. ಮೊದಲನೇ ಕಡಿತಕ್ಕೇ ಬೀಳುತ್ತೆ.” ಬೇಗಂ ಅವನ ಹೆಗಲ ಮೇಲಿಂದ ಮೂತಿ ಚಾಚಿ ಹೊಸ ಕೊಟ್ಟಿಗೆಯ ವಾಸನೆ ನೋಡುತ್ತಿದ್ದಳು. ಅವಳ ಉಸಿರು ಅವನ ಕುತ್ತಿಗೆಗೆ ಬೆಚ್ಚಗೆ ತಾಗಿತು. ತಾನು ಕಲ್ಲಿನಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ ಆ ಗೋಡೆಯೇ ಇವಳನ್ನು ಹೀಗೆ ಕಡಿತಕ್ಕೆ ಪಳಗದ ಮೈಯಲ್ಲಿ ಇಲ್ಲಿ ತಂದು ನಿಲ್ಲಿಸಿದೆ ಎಂದು ಗೊತ್ತಾದಾಗ ಅವನು ಹಗ್ಗವನ್ನು ಹಿಂದಕ್ಕೆ ಎಳೆದ.

ಬಿಸಿಲಲ್ಲಿ ನಡೆದು ಬಂದಿದೆ, ಸ್ವಲ್ಪ ಹೊತ್ತು ಹೊರಗೇ ಇರಲಿ ಎಂದು ಸಬೂಬು ಹೇಳಿ ಬೀದಿಬದಿಯ ಬೇವಿನ ಮರಕ್ಕೆ ಕಟ್ಟಿದ. ಮುಖ ತೊಳೆದು ಬರುತ್ತೇನೆಂದು ಹೊಳೆಯ ಕಡೆ ಹೊರಟ. ದಂಡೆಯ ಕಲ್ಲಿನ ಮೇಲೆ ಕೂತರೆ ತುಂಗಭದ್ರೆ ಕೆಳಗೆ ಸದ್ದಿಲ್ಲದೆ ಹೋಗುತ್ತಿತ್ತು. ಹಸುವಿಗೆ ಊರು ಹೊಂದಲಿಲ್ಲ, ಮೇವು ಮುಟ್ಟಲಿಲ್ಲ ಎಂದು ಹೇಳಿ ಸಂಜೆಗೆ ಹೊಡೆದುಕೊಂಡು ಹೋಗಬಹುದು. ಯಾರ ಮುಖಕ್ಕೂ ಕುಂದಿಲ್ಲ. ಆದರೆ ಬಿಳಿಚಿಕೊಂಡ ಮಗಳು ಅಲ್ಲೇ ಉಳಿಯುತ್ತಾಳೆ, ಕೊಟ್ಟ ಮಾತು ತಿಂದ ಕಂಟ್ರಾಕ್ಟರನ ಮಗಳಾಗಿ. ಒಲೆ ಮುಂದೆ, ನೀರು ಸೇದುವಲ್ಲಿ, ಎಲೆಗೆ ಸುಣ್ಣ ಹಚ್ಚುವಾಗ ಮಾಬೂಬೀ ಆ ಮಾತನ್ನು ಎಷ್ಟು ನಯವಾಗಿ ಎತ್ತಬಲ್ಲಳೆಂದು ಅವನಿಗೆ ಗೊತ್ತು. ಹೇಳದೆ ಒಳಗೆ ಕಟ್ಟಿದರೆ ಬೇಗಂ ಬೀಳುತ್ತಾಳೆ. ಇದ್ದದ್ದನ್ನು ಹೇಳಿದರೆ, ಈಗಷ್ಟೇ ಹತ್ತು ಜನರ ಮುಂದೆ ಬಟ್ಟಲು ಎತ್ತಿ ಹಿಡಿದವಳ ಮನೆಯನ್ನು ಅದೇ ಹತ್ತು ಜನರ ಮುಂದೆ ಆಡಿಕೊಂಡಂತೆ. ಸುಗ್ರಾಬಿ ಕಣ್ಣು ತಪ್ಪಿಸಿದ್ದು ಯಾಕೆಂದು ಈಗ ತಿಳಿಯಿತು. ಅವಳು ಈ ಗೋಡೆಯನ್ನು ದಿನಾ ನೋಡಿದ್ದಾಳೆ. ಕೈಗಳನ್ನು ನೀರಿನಲ್ಲಿ ಅದ್ದಿ ಹಾಗೇ ಕೂತ. ಖತೀಜಾ ಸಣ್ಣವಳಿದ್ದಾಗ ಇದೇ ದಂಡೆಗೆ ಅವನ ಜೊತೆ ಬಂದು ಗಾರೆ ತಿಕ್ಕುವ ಕಲ್ಲು ಆರಿಸುತ್ತಿದ್ದಳು. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ, ಇದು ಒರಟು ಅಬ್ಬಾ, ಇದು ಆಗ್ತೈತೆ ಎನ್ನುತ್ತಿದ್ದಳು. ಗೋಡೆ ಅರೆ ಒಣಗುವ ಹೊತ್ತಿಗೆ ಅವಳ ಪುಟ್ಟ ಕೈ ಅವನ ಕೈ ಪಕ್ಕದಲ್ಲಿ ಗುಂಡಗೆ ಗುಂಡಗೆ ಓಡುತ್ತಿತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ಅವಳು ಅದನ್ನು ಓದಿ, ಅಪ್ಪನ ಕೈಗಳನ್ನೊಮ್ಮೆ ನೋಡಿ, ಮಡಿಸಿಟ್ಟಿದ್ದಳು. ನೀರಿನೊಳಗೆ ಅವನ ಕೈ ಬೇರೆ ಯಾರದೋ ಹಾಗೆ ಅಲುಗಾಡುತ್ತಿತ್ತು. ಬೆಳಗಿನಿಂದ ಅಷ್ಟು ತಿಕ್ಕಿದ್ದ ಉಗುರಿನ ಸಂದಿಯಲ್ಲಿ ಮಾಬೂಬೀಯ ಗೋಡೆಯ ಮಣ್ಣು ಕೂತಿತ್ತು.

ದಂಡೆಯ ಸುಣ್ಣದ ಭಟ್ಟಿಯಲ್ಲಿ ನೆನೆಸಿಟ್ಟ ಸುಣ್ಣವಿತ್ತು. ಅವನು ಬೆರಳಲ್ಲಿ ತೆಗೆದು ಉಜ್ಜಿ ನೋಡಿ, ಬೆಣ್ಣೆಯಂತಿದೆ ಎನ್ನಿಸಿದಮೇಲೆ, ದುಡ್ಡು ಕೊಟ್ಟು ಗೋಣಿಗೆ ತುಂಬಿಸಿ ತಲೆಯ ಮೇಲೆ ಇಟ್ಟುಕೊಂಡ. ಕರಿ ಕೋಟು ತೊಟ್ಟೇ ಇದ್ದ. ಪೇಟೆಯ ಬೀದಿಯಲ್ಲಿ ಸುಣ್ಣದ ನೀರು ಕಿವಿಯ ಹಿಂದಿನಿಂದ ಇಳಿದು ಕೋಟಿನ ಬೆನ್ನ ಮೇಲೆ ಬಿಳಿ ಗೆರೆ ಎಳೆಯಿತು. ಅಳಿಯ ಹಿದಾಯತನ ಹಗ್ಗದಂಗಡಿ ಆ ಬೀದಿಯಲ್ಲೇ. ಹಿಂದಿನ ಓಣಿ ಹಿಡಿದಿದ್ದರೆ ಅಂಗಡಿ ತಪ್ಪುತ್ತಿತ್ತು, ಅವನು ಹಿಡಿಯಲಿಲ್ಲ. ಹಿದಾಯತ್ ಗಿರಾಕಿಯನ್ನು ಬಿಟ್ಟು ಎದ್ದು ಓಡಿಬಂದು, ಮಾಮೂ, ಹಮಾಲರಿಗೆ ಹೇಳಿದ್ದರೆ ತರುತ್ತಿದ್ದರಲ್ಲ ಎಂದು ತಗ್ಗಿದ ದನಿಯಲ್ಲಿ ಅಂದ. ಅಕ್ಕಪಕ್ಕದ ಅಂಗಡಿಗಳ ಕಡೆ ಅವನ ಕಣ್ಣು ಹೊರಳುತ್ತಿತ್ತು. ಹಮಾಲರಿಗೆ ಒಳ್ಳೇ ಸುಣ್ಣ ಯಾವುದು ಗೊತ್ತಾಗೋದಿಲ್ಲ ಎಂದು ಹೇಳಿ, ಎರಡು ಹಳೇ ಗೋಣಿ ಕೊಡು ಎಂದು ಇಸಿದುಕೊಂಡು ಚಾಂದ್ ಪಾಷಾ ಮುಂದೆ ನಡೆದ. ಕಾಲು ಈಗ ನೋಯುತ್ತಿರಲಿಲ್ಲ.

ಅಂಗಳದ ಕಟ್ಟೆಯ ಮೇಲೆ ಒಂದೂ ಉಣುಗಿಲ್ಲದ ಬಟ್ಟಲು ಹಾಗೇ ಇತ್ತು. ಅವನು ಮೂಟೆ ಇಳಿಸಿ, ಕೋಟು ಬಿಚ್ಚಿ ಬೇವಿನ ಕೊಂಬೆಗೆ ಸಿಕ್ಕಿಸಿ, ಬಟ್ಟಲು ತೆಗೆದುಕೊಂಡು ಕೊಟ್ಟಿಗೆಯೊಳಗೆ ಹೋದ. ಮಾಬೂಬೀ ಏನು ನಡೆಯುತ್ತಿದೆ ಎಂದು ಹಿಂದೆಯೇ ಬಂದಳು. ಬೇರೆ ಹೆಂಗಸರು ಬರುವ ಮುಂಚೆ ಅವನು ಬಾಗಿಲನ್ನು ಅರ್ಧ ಮುಂದೆ ಮಾಡಿ, ಗೋಡೆಯ ಹೆಕ್ಕಳಿಕೆಗೆ ಮೊಳೆ ಹಾಕಿ ಮೀಟಿದ. ಬಟ್ಟಲಿನ ಸೀಮೆಎಣ್ಣೆಗೆ ಹೆಸರುಕಾಳು ಸುರಿದ ಹಾಗೆ ಸದ್ದಾಯಿತು. ಮಾಬೂಬೀ ಬಟ್ಟಲು ನೋಡಿದಳು, ಗೋಡೆ ನೋಡಿದಳು. ಗೋಡೆಗೆ ತಾಗಿದ್ದ ಸೆರಗನ್ನು ಸರಕ್ಕನೆ ಎಳೆದುಕೊಂಡಳು.

“ನಿಮ್ಮ ಕೈಯಾಗೆ ದೋಷ ಇಲ್ರಿ,” ಅಂದ ಚಾಂದ್ ಪಾಷಾ. “ಗೋಡೆಯಾಗೈತೆ. ನಮ್ಮ ಹಸು ಇದನ್ನ ಕಂಡಿಲ್ಲ, ಕಂಡ್ರೆ ಉಳಿಯೋದಿಲ್ಲ. ನಾನೂ ಈಗ ತಿಳ್ಕಂಡೆ.”

ಎಮ್ಮೆಯೊಂದು ನೊಣಕ್ಕೆ ಬಾಲ ಬೀಸಿತು. ಆಮೇಲೆ ಮಾಬೂಬೀ ಎಲ್ಲಾದರೂ ಒಂದು ಕಡೆ ನೆಲೆ ನಿಲ್ಲಬೇಕೆಂಬಂತೆ ಸುಣ್ಣದ ಮೂಟೆಯ ಕಡೆ ತಿರುಗಿ, ಹಳೇ ದನಿಯನ್ನು ಹುಡುಕಿ ತಂದುಕೊಂಡು ಅಂದಳು: “ಕಂಟ್ರಾಕ್ಟರು ಅಂತ ಬಂದ್ರಿ. ಕೂಲಿಗೆ ನಿಂತ್ರಾ ಬೀಗರೇ?”

“ಆ ಕಂಟ್ರಾಕ್ಟರು ಯಾರೋ ನಂಗೊತ್ತಿಲ್ಲ,” ಅಂದ ಅವನು. “ನಾನು ಗಾರೆ ಮೇಸ್ತ್ರಿ. ಎಮ್ಮೆ ಹೊರಗೆ ಕಟ್ಟಿಸ್ರಿ, ಬೇವಿನ ಮರದಿಂದ ದೂರ.”

ಕರಣೆ ತಂದಿರಲಿಲ್ಲ. ಸುಗ್ರಾಬಿ ಕೇಳುವ ಮುಂಚೆಯೇ ರೊಟ್ಟಿ ಮಗುಚುವ ಕಬ್ಬಿಣದ ಕೈ ತಂದುಕೊಟ್ಟು, ಸೆರಗು ಬಿಗಿದು ನೀರು ಹೊರಲು ನಿಂತಳು. ಅವನು ಗೋಣಿಯ ಚೂರನ್ನು ಕೋಲಿಗೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಹಚ್ಚಿ, ಬಿರುಕಿನ ಉದ್ದಕ್ಕೂ ಬೆಂಕಿ ಆಡಿಸಿದ. ಒಳಗೆ ಚಟಚಟ ಸಿಡಿಯುವ ಸದ್ದು, ಕಮಟು ವಾಸನೆ. ಸಡಿಲ ಮಣ್ಣೆಲ್ಲ ಕೆರೆದು, ಗುಡಿಸಿ, ಅಂಗಳದ ಮೂಲೆಯಲ್ಲಿ ಸುಟ್ಟ. ಹೊಳೆಯ ಮರಳು ತರಿಸಿ ಜರಡಿ ಹಿಡಿದು ಸುಣ್ಣಕ್ಕೆ ಕಲಸಿ, ಗೋದಲಿಯ ಮೂಲೆಯಿಂದ ಶುರುಮಾಡಿದ. ಮೊದಲ ಮುದ್ದೆ ಬಿರುಕಿನೊಳಗೆ ಕೂತು ತುಂಬಿದ ಸದ್ದು ಕಿವಿಗೆ ಬಿದ್ದಾಗ ಅವನ ಭುಜ ತಾನೇ ಇಳಿಯಿತು. ಹರಿಹರದಲ್ಲಿ ಇಷ್ಟು ವರ್ಷ ಅವನು ಭುಜ ಎತ್ತಿಕೊಂಡೇ ತಿರುಗಿದ್ದ. ಒಂದು ದಿನದ ಕೆಲಸವಲ್ಲ ಇದು. ಇಡೀ ಕೊಟ್ಟಿಗೆ ಮುಗಿದು ಒಣಗುವವರೆಗೆ, ಎಮ್ಮೆಗಳ ಮೈ ಸ್ವಚ್ಛವಾಗುವವರೆಗೆ ಬೇಗಂ ಮರದ ಕೆಳಗೇ ಇರಬೇಕು, ಅವನು ಇಲ್ಲೇ ಇರಬೇಕು. ಮಗಳ ಮನೆಯಲ್ಲಿ ಒಂದು ರಾತ್ರಿಯೂ ತಂಗದವನು. ನಾಳೆ ಎದ್ದ ಕೂಡಲೇ ಬೇಗಂಳ ಕಿವಿಯ ಕೆಳಗೆ ಬೆರಳಿಟ್ಟು ಗಂಟಿದೆಯೇ ನೋಡಬೇಕು; ನಾಡಿದ್ದೂ ನೋಡಬೇಕು. ಹೊಸ್ತಿಲಲ್ಲಿ ನಿಂತ ಆ ಸ್ವಲ್ಪ ಹೊತ್ತಿನಲ್ಲಿ ಒಂದು ಸಾಸಿವೆಕಾಳು ಅವಳ ಮೂತಿ ಹತ್ತಿರಲಿಲ್ಲ ಎಂದು ಹೇಳುವವರು ಯಾರು. ಊರಿನ ದನದಾಸ್ಪತ್ರೆಗೆ ಹಿದಾಯತನನ್ನು ಅಟ್ಟಿ ಡಾಕ್ಟರನ್ನು ಕರೆಸಬೇಕು, ಈ ಸಲ ಅವರು ಹೇಳಿದ್ದನ್ನು ಕೊನೆಯವರೆಗೆ ಕೇಳಬೇಕು.

ಬಿಸಿಲು ಇಳಿಯುವ ಹೊತ್ತಿಗೆ ಗೋದಲಿ ಮೂಲೆಯ ಗಾರೆ ಬಿಗಿದುಕೊಂಡಿತ್ತು. ತಿಕ್ಕಲು ಕಲ್ಲು ಬೇಕು ಎಂದು ಅಂಗಳಕ್ಕೆ ಬಂದು ಸುತ್ತ ನೋಡಿದಾಗ ಕಿಟಕಿಯ ಸರಳಿನ ಸಂದಿಯಿಂದ ಖತೀಜಾಳ ಕೈ ಹೊರಗೆ ಬಂತು. ಅಂಗೈಯಲ್ಲಿ ಮಗುವಿಗೆ ಬಜೆ ತೇಯುವ ಗುಂಡುಕಲ್ಲು. ಹೊಳೆಯ ಕಲ್ಲು, ಒಂದು ಮಗ್ಗುಲು ಕನ್ನಡಿಯಾಗಿ ಸವೆದಿತ್ತು. ಅದು ಯಾವ ಗೋಡೆಗಳ ಮೇಲೆ ಹಾಗೆ ಸವೆಯಿತೆಂದು ಅವನಿಗೆ ಗೊತ್ತಿತ್ತು. ತವರಿನ ಟ್ರಂಕಿನಲ್ಲಿ ಅವಳು ಇದನ್ನು ತಂದಿದ್ದಾಳೆಂದು ಮಾತ್ರ ಗೊತ್ತಿರಲಿಲ್ಲ. ಅವನು ತೆಗೆದುಕೊಂಡು ಬಂದು ತಿಕ್ಕತೊಡಗಿದಾಗ, ಒಳಗೆ ಯಾರೋ ನೆರೆಯ ಹೆಂಗಸು ಆ ಮುದುಕ ಯಾರು ಎಂದು ಕೇಳಿದ್ದು, ಮಗಳು ಉತ್ತರ ಕೊಟ್ಟದ್ದು ಕಿವಿಗೆ ಬಿತ್ತು. “ನಮ್ಮ ಅಬ್ಬಾ. ಗಾರೆ ಮೇಸ್ತ್ರಿ. ದಾವಣಗೆರಿಯಾಗೆ ಅವರ ಗೋಡೆ ಮುಟ್ಟಿ ನೋಡ್ರಿ ಒಂದ್ಸಲ.”

ಸಂಜೆಯಾಗುತ್ತಿದ್ದಂತೆ ಮಾಬೂಬೀ ಕೊಟ್ಟಿಗೆಗೆ ಬಂದಳು. ಅವಳ ಹಿಂದೆ ಬೆಳಗಿನ ಹೆಂಗಸರೇ ಇಬ್ಬರು. ಚಾಂದ್ ಪಾಷಾ ಎದ್ದು ಪಕ್ಕಕ್ಕೆ ಸರಿದು ನಿಂತ. ಜೇಬಿನಲ್ಲಿ ಕೈ ಇಡಲು ಕೋಟಿರಲಿಲ್ಲ. ಮೊಣಕೈವರೆಗೆ ಸುಣ್ಣವಾದ ಕೈಗಳನ್ನು ಹಾಗೇ ಇಳಿಬಿಟ್ಟುಕೊಂಡ. ಮಾಬೂಬೀ ಬಳೆಗಳನ್ನು ಮೊಣಕೈಗೆ ಏರಿಸಿದಳು. ಹೊಸ ಗಾರೆಯ ಮೇಲೆ, ಬೆಳಗ್ಗೆ ಹಸುವಿನ ಮೇಲೆ ಆಡಿಸಿದ ಹಾಗೆಯೇ, ಕೈಯಾಡಿಸತೊಡಗಿದಳು. ಗೋದಲಿಯ ಮೂಲೆ, ಗೂಟದ ಬುಡ, ನೆಲ ಗೋಡೆ ಸೇರುವ ಸಂದಿ. ಬೆರಳ ತುದಿಯಿಂದ ಒಂದೊಂದನ್ನೂ ಬಿಡಿಸಿ ನೋಡುವಂತೆ ನೋಡಿದಳು. ಉಗುರು ಎಲ್ಲೂ ತಡೆಯಲಿಲ್ಲ. ಮುಗಿಸಿ, ಸೊಂಟ ಹಿಡಿದು ಎದ್ದು, ಬೆಳ್ಳಗಾದ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಸೆರಗಿಗೆ ಒರೆಸಿಕೊಳ್ಳಲಿಲ್ಲ. ಆ ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ, ಕಟ್ಟೆಯ ಮೇಲೆ ಬಟ್ಟಲಿದ್ದ ಜಾಗದಲ್ಲಿ ಕೂತಳು. ಮೇಸ್ತ್ರಿಯವರಿಗೆ ಚಹಾ ತನ್ನಿ ಎಂದು ಒಳಗೆ ಕೂಗಿ ಹೇಳಿದಳು.